ಕೆಂಡ ಅರಿಯದ ಅಂಗಾಲು

ನನ್ನ ಎಡಗಾಲಿಗೆ ಈಗ ಮೂರೇ ಬೆರಳು. ಹೊಸಬರು ಮನೆಗೆ ಬಂದರೆ ಮೊದಲು ಆ ಕಾಲು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಕಡೆಗೆ ಗೋಡೆ ನೋಡುತ್ತ ಕೂಡುತ್ತಾರೆ. ಏನಾಯಿತು ಎಂದು ಬಾಯಿಬಿಟ್ಟು ಕೇಳುವವರು ಒಬ್ಬರೂ ಇಲ್ಲ. ಕೇಳದಿದ್ದರೂ ನಾನೇ ಹೇಳಿಬಿಡುತ್ತೇನೆ. ಕಾಲಿಗೆ ಹಳೆಯ ಧೋತರದ ತುಂಡು ಸುತ್ತಿಕೊಂಡು, ತನ್ನ ನಾತ ತನಗೇ ತಡೆಯಲಾರದೆ ಮೂಲೆ ಹಿಡಿದು ಕೂತಿರುವವಳು ಈ ಪುಣೆಯಲ್ಲಿ ನಾನೊಬ್ಬಳೇ ಇರಲಾರೆ. ಅಂಥವಳ ಕೈಗೆ ಇದು ಸಿಗಲಿ ಎಂದು ಬರೆಯುತ್ತಿದ್ದೇನೆ. ಚಂದದ ಸಂಗತಿಯೇನೂ ಅಲ್ಲ, ಊಟಕ್ಕೆ ಮುಂಚೆ ಓದಬೇಡಿ.

ನಾವು ಧಾರವಾಡದ ಕಡೆಯವರು. ನಮ್ಮವರಿಗೆ ಇಲ್ಲಿ ಸರ್ಕಾರಿ ಲೆಕ್ಕದ ಕಚೇರಿಯಲ್ಲಿ ಕಾರಕೂನಿಕೆ. ನಾರಾಯಣ ಪೇಠದ ಹತ್ತಾರು ಬಿಡಾರಗಳ ಒಂದು ವಾಡೆಯಲ್ಲಿ ಮೇಲಿನ ಅಟ್ಟದ ಮೂರು ಕೋಣೆ ನಮ್ಮದು. ಮಗಳು ಮದುವೆಯಾಗಿ ಹುಬ್ಬಳ್ಳಿಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ನಾನು, ನಮ್ಮವರು ಮತ್ತು ಅತ್ತೆ. ಅತ್ತೆ ಎಂದರೆ ಮಡಿ, ಮಡಿ ಎಂದರೆ ಅತ್ತೆ. ಮಾವನವರು ತೀರಿಕೊಂಡ ಮೇಲಂತೂ ಅವರ ಮಡಿ ಇನ್ನಷ್ಟು ಬಿಗಿಯಾಗಿತ್ತು. ಮಡಿಬಟ್ಟೆ ಒಣಗುವ ಕೋಲಿನ ಕೆಳಗೆ ಕಾಗೆ ಹಾರಿಹೋದರೂ ಅವರಿಗೆ ಅನುಮಾನ. ಮನೆಯೊಳಗೆ ಚರ್ಮದ ವಸ್ತು ಬರುವಂತಿರಲಿಲ್ಲ. ನಮ್ಮವರ ಕೈಗಡಿಯಾರದ ಪಟ್ಟಿಯೂ ಹೊಸ್ತಿಲ ಆಚೆಯ ಗೂಡಿನಲ್ಲೇ ಕೂಡಬೇಕು.

ರೋಗ ಮೊದಲು ಕಂಡುಹಿಡಿದವು ಇರುವೆಗಳು. ಬಚ್ಚಲಿನಲ್ಲಿ ನಾನು ಹೋಗಿಬಂದ ಜಾಗಕ್ಕೇ ಸಾಲುಗಟ್ಟಿದವು. ಅತ್ತೆ ನೋಡಿ ಮುಖ ಸಿಂಡರಿಸಿಕೊಂಡು ನೀರು ಹೊಯ್ದರು. ನನಗೋ ಬಾಯಾರಿಕೆ ತಡೆಯುವಂತಿರಲಿಲ್ಲ, ತಂಬಿಗೆ ತಂಬಿಗೆ ನೀರು ಕುಡಿದರೂ ನಾಲಿಗೆ ಅಂಟುತ್ತಿತ್ತು. ಡಾಕ್ಟರು ನೀಲಿ ಔಷಧಕ್ಕೆ ನನ್ನ ಮೂತ್ರದ ಹನಿ ಬಿಟ್ಟು ಗಾಜಿನ ನಳಿಗೆ ಕಾಯಿಸಿದರು. ನೋಡನೋಡುತ್ತ ಅದು ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ಸಕ್ಕರೆ ರೋಗ ಎಂದರು. ಅಂದಿನಿಂದ ಹೋಳಿಗೆ ಹೋಯಿತು, ಅನ್ನ ಹೋಯಿತು, ದಿನವೂ ತೊಡೆಗೆ ಸೂಜಿ ಬಂತು. ಔಷಧದ ಬಾಟಲಿಯನ್ನು ನೀರಿನ ಮಣ್ಣಿನ ಗಡಿಗೆಯಲ್ಲಿ ತಂಪಿಗೆ ಇಡುತ್ತಿದ್ದೆ, ಆ ಗಡಿಗೆಯೂ ಅತ್ತೆಗೆ ಮೈಲಿಗೆಯಾಯಿತು. ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ಹೊಂದಿಕೊಳ್ಳುತ್ತಿದ್ದೆ.

ಕಾಲು ಜುಮುಗುಡುವುದು ನಿಧಾನವಾಗಿ ಶುರುವಾಗಿತ್ತು. ಹತ್ತಿಯ ಮೇಲೆ ನಡೆದ ಹಾಗೆ, ನೆಲ ಎಲ್ಲೋ ದೂರ ಇದ್ದ ಹಾಗೆ. ವಯಸ್ಸಾಯಿತು ಎಂದುಕೊಂಡೆ. ಆಮೇಲೆ ಜುಮುಗುಡುವುದೂ ನಿಂತುಹೋಯಿತು, ವಾಸಿಯಾಯಿತೆಂದು ಸಂತೋಷಪಟ್ಟೆ. ಎಂಥ ಸಂತೋಷ! ಥೂ.

ಮಾವನವರ ಶ್ರಾದ್ಧದ ದಿನ. ಅತ್ತೆ ದೇವರ ಕೋಣೆಯಲ್ಲಿ ಎಲೆ ಒರೆಸುತ್ತಿದ್ದರು. ನಾನು ಮಡಿಯುಟ್ಟು ಬರಿಗಾಲಲ್ಲಿ ಇದ್ದಿಲಿನ ಶೇಗಡಿಯ ಮುಂದೆ ವಡೆ ಕರಿಯುತ್ತಿದ್ದೆ. ಎಲ್ಲಿಂದಲೋ ಒಂದು ವಾಸನೆ ಬಂತು. ಕೂದಲು ಸುಟ್ಟ ಹಾಗೆ, ಆದರೆ ಅದಕ್ಕಿಂತ ಜಿಡ್ಡು, ಅದಕ್ಕಿಂತ ಸಿಹಿ.

"ಕೆಳಗಿನವರು ಏನ ಸುಡ್ಲಿಕ್ಕತ್ತಾರ್ರೀ ಇವರು! ಶ್ರಾದ್ಧದ ದಿನಾ ಇದ ವಾಸನಿ ಹಿಡೀಬೇಕೇನು?" ಎಂದು ನಾನು ಕಿಟಕಿ ಬಡಿದು ಮುಚ್ಚಿದೆ.

"ಇಂಥ ನಾಚಿಗ್ಗೇಡಿ ಮಂದಿ ನಾ ಎಲ್ಲೂ ನೋಡಿಲ್ಲ ನೋಡು," ಎಂದು ಅತ್ತೆಯೂ ದನಿಗೂಡಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದರು. ಬಂದವರು ಅಲ್ಲೇ ನಿಂತುಬಿಟ್ಟರು. "ಕಮಲಾ! ನಿನ್ನ ಕಾಲು! ಕಾಲ ನೋಡ!"

ಶೇಗಡಿಯಿಂದ ಸಿಡಿದ ಕೆಂಡವೊಂದು ನನ್ನ ಎಡಗಾಲಿನ ಬೆರಳುಗಳ ಬುಡಕ್ಕೆ ಅಂಟಿಕೊಂಡಿತ್ತು. ನಾನು ಅದನ್ನು ತುಳಿದುಕೊಂಡೇ ಓಡಾಡಿದ್ದೆ. ಕಲ್ಲುಚಪ್ಪಡಿಯ ಮೇಲೆ ಶೇಗಡಿಯಿಂದ ಕಪಾಟಿನವರೆಗೂ ಕರಿ ಗುರುತು ಬಿದ್ದಿತ್ತು. ಹುಟ್ಟಿದಾಗಿನಿಂದ ಈರುಳ್ಳಿ ಕೂಡ ಮುಟ್ಟದ ಮನೆತನ ನಮ್ಮದು. ನಮ್ಮ ಅಡಿಗೆಮನೆಯಲ್ಲಿ ಮೊಟ್ಟಮೊದಲು ಸುಟ್ಟ ಮಾಂಸ ನನ್ನದೇ, ಅದರ ವಾಸನೆಗೆ ಬೈಸಿಕೊಂಡವರು ಪಾಪ, ಕೆಳಗಿನ ಮನೆಯವರು.

ನೋವು? ಒಂದಿಷ್ಟೂ ಇರಲಿಲ್ಲ. ಅದನ್ನೇ ಯಾರೂ ನಂಬಲಿಲ್ಲ.

"ಲಕ್ಷ್ಯ ಎಲ್ಲೆ ಇರ್ತದ ನಿಂದು?" ಎಂದರು ಅತ್ತೆ. "ಕೆಂಡ ತುಳದರ ಗೊತ್ತಾಗಲಿಲ್ಲಂತ ಯಾರ ಮುಂದೂ ಅನಬ್ಯಾಡ. ನಗ್ತಾರ."

ನಮ್ಮವರು ಸಂಜೆ ಕಾಲು ನೋಡಿ, "ಇಷ್ಟಾದ್ರೂ ಉರೀಲಿಲ್ಲಾ ಅಂದ್ರ..." ಎಂದು ಅರ್ಧಕ್ಕೇ ನಿಲ್ಲಿಸಿ, ಕರವಸ್ತ್ರ ಮೂಗಿಗೆ ಹಿಡಿದು ಹೊರಗಿನ ಕೋಣೆಗೆ ಹೋದರು. ಆ ಕರವಸ್ತ್ರವನ್ನು ಆಮೇಲೆ ಎಷ್ಟೋ ದಿನ ನೋಡಬೇಕಾಯಿತು. ನೋಡಿದಾಗೆಲ್ಲ ಅದನ್ನು ಕಿತ್ತು ಶೇಗಡಿಗೆ ಹಾಕಬೇಕೆನ್ನಿಸುತ್ತಿತ್ತು.

ಮುಂದಿನದು ಹೇಳಲೇ ಹೇಸಿಗೆ. ಗುಳ್ಳೆ ಒಡೆಯಿತು, ಹುಣ್ಣಾಯಿತು, ಕೀವು ಕಟ್ಟಿತು. ಮದ್ದು ಹೇಳದವರು ವಾಡೆಯಲ್ಲಿ ಯಾರೂ ಉಳಿಯಲಿಲ್ಲ. ಪಕ್ಕದ ಅಂಬಕ್ಕ, ಬೆಳಗಾವಿಯವಳು, ಯಾವುದೋ ಸೊಪ್ಪನ್ನು ತನ್ನ ಬಾಯಲ್ಲೇ ಅಗಿದು ತಂದು ಹಸಿಹಸಿಯಾಗಿ ಮೆತ್ತಿದಳು. "ಎರಡ ದಿನದಾಗ ಹ್ಯಾಂಗ ಆರ್ತದ ನೋಡ್ರಿ ಬೇಕಾದ್ರ," ಎಂದಳು. ಇನ್ನೊಬ್ಬರ ಎಂಜಲು ನನ್ನ ಗಾಯದಲ್ಲಿ! ಮಡಿಯ ಅತ್ತೆ ಅದಕ್ಕೆ ಮಾತ್ರ ಏನೂ ಅನ್ನಲಿಲ್ಲ, ಔಷಧಕ್ಕೆ ಎಂಜಲಿಲ್ಲವಂತೆ. ಹುಣ್ಣು ಆರಲಿಲ್ಲ. ಎರಡು ಬೆರಳು ಮೊದಲು ನೀಲಿಯಾದವು, ಆಮೇಲೆ ಕಪ್ಪಾದವು. ನಾತ ಎಷ್ಟಾಯಿತೆಂದರೆ ನಾನು ಉಣ್ಣಲು ಕೂತರೆ ತುತ್ತು ಬಾಯಿಯವರೆಗೂ ಬರುತ್ತಿರಲಿಲ್ಲ. ಬೇರೆಯವರ ಹೊಲಸಾದರೆ ಎದ್ದು ಹೋಗಬಹುದು. ನನ್ನ ಕಾಲಿನಿಂದ ನಾನು ಎದ್ದು ಎಲ್ಲಿಗೆ ಹೋಗಲಿ?

ಕಡೆಗೆ ಟಾಂಗಾದಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಒಯ್ದರು. ಕಾಯುವ ಪಡಸಾಲೆಯಲ್ಲಿ ಕೂಡಲು ಮರದ ಉದ್ದನೆಯ ಬಾಕು, ಕಾರ್ಬಾಲಿಕ್ ವಾಸನೆ, ನೊಣ. ನಾನು ಕೂತ ಬಾಕು ನೋಡನೋಡುತ್ತ ಖಾಲಿಯಾಯಿತು. ಒಬ್ಬಾಕೆ ತನ್ನ ಕೂಸಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಎದ್ದು ಹೋದಳು. ನಮ್ಮವರು ಚೀಟಿ ಮಾಡಿಸುವ ನೆವದಲ್ಲಿ ಕಿಟಕಿಯ ಹತ್ತಿರವೇ ನಿಂತರು, ಚೀಟಿ ಎಷ್ಟೋ ಹೊತ್ತು ಮುಂಚೆಯೇ ಆಗಿತ್ತು. ಉಳಿದವಳು ಒಬ್ಬಳೇ, ಸಾಸವಡದ ಕಡೆಯ ಒಬ್ಬ ಮರಾಠಿ ಹೆಂಗಸು. ನನ್ನ ಕಾಲು ಕೆಳಗೆ ಇಳಿಬಿದ್ದದ್ದು ನೋಡಿ, ಏನೂ ಕೇಳದೆ, ತನ್ನ ಬಟ್ಟೆಯ ಗಂಟನ್ನು ಬಾಕಿನ ಮೇಲೆ ಸರಿಸಿ ಕಾಲು ಅದರ ಮೇಲೆ ಎತ್ತಿಟ್ಟಳು. ಆಮೇಲೆ ನನ್ನ ಪಕ್ಕದಲ್ಲೇ ಕೂತು ಭಾಕರಿ ಬಿಚ್ಚಿ, ಹಸಿಮೆಣಸಿನಕಾಯಿ ಕಡಿಯುತ್ತ ಊಟ ಮಾಡಿದಳು. ಆ ನಾತದ ಪಕ್ಕದಲ್ಲಿ! ಅವಳ ಹೆಸರನ್ನೂ ನಾನು ಕೇಳಲಿಲ್ಲ. ಅವಳು ಅಗಿಯುವ ಸಪ್ಪಳ ಕೇಳುತ್ತ ನನಗೆ ಅಳು ಬಂತು.

ಬೆರಳು ತೆಗೆಯಬೇಕು ಎಂದರು ಡಾಕ್ಟರು. ನಮ್ಮವರು ಮನೆಗೆ ಹೋಗಿ ಸುದ್ದಿ ಹೇಳಿದಾಗ ಅತ್ತೆಯ ಮೊದಲ ಪ್ರಶ್ನೆ, "ಯಾವ ಬೆರಳು? ಕಾಲುಂಗರದ ಬೆರಳೇನು?" ಹೌದು, ಅದೇ ಬೆರಳು ಮತ್ತು ಅದರ ಪಕ್ಕದ್ದು. ನನ್ನ ಕಾಲಿನ ಚಿಂತೆ ಬಿಟ್ಟು ಇವರಿಗೆಲ್ಲ ಬೆಳ್ಳಿಯ ಸುತ್ತಿನ ಚಿಂತೆ. ಗಂಡ ಇದ್ದಾನೋ ಇಲ್ಲವೋ ತಿಳಿಯಬೇಕಾದವರು ಬಲಗಾಲು ನೋಡಿ ತಿಳಿದುಕೊಳ್ಳಲಿ ಎಂದು ಹೇಳಿಕಳಿಸಿದೆ.

ಕ್ಲೋರೋಫಾರ್ಮಿನ ಮುಸುಕು ಬಿತ್ತು. ಎಚ್ಚರವಾದಾಗ ಕಾಲು ಹಗುರವಾಗಿತ್ತು, ಬಾಯಿ ಕಹಿಯಾಗಿತ್ತು. ದಿನವೂ ಪಟ್ಟಿ ಬಿಚ್ಚುವಾಗ ಅಯೋಡೋಫಾರ್ಮಿನ ಆ ಹಳದಿ ಪುಡಿಯ ನಾತ. ಇವತ್ತಿಗೂ ಕನಸಿನಲ್ಲಿ ಬಂದರೆ ಎದ್ದು ಬಾಯಿ ಮುಕ್ಕಳಿಸುತ್ತೇನೆ. ಮನೆಗೆ ಕಳಿಸುವ ದಿನ ಡಾಕ್ಟರು ನನ್ನ ಕಣ್ಣು ಮುಚ್ಚಿಸಿ ಎರಡೂ ಅಂಗಾಲಿಗೆ ಟಾಚಣಿ, ಅದೇ ಗುಂಡುಸೂಜಿ, ಚುಚ್ಚಿದರು. ಕಣ್ಣು ಬಿಟ್ಟು ಯಾವಾಗ ಚುಚ್ಚುತ್ತೀರಿ ಎಂದು ನಾನು ಕೇಳಿದೆ. ಅವರು ರಕ್ತ ಒರೆಸುತ್ತಿದ್ದರು.

"ಬಾಯಿ, ಘರಾತ ಸುದ್ಧಾ ಅನವಾಣಿ ಚಾಲಾಯಚಂ ನಾಹೀ," ಎಂದರು ಮರಾಠಿಯಲ್ಲಿ. ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ಇನ್ನೊಂದು ಗಾಯವಾದರೆ ಎಂದು ತಮ್ಮ ಅಂಗೈಯನ್ನು ನನ್ನ ಮೊಣಕಾಲಿನ ಕೆಳಗೆ ಅಡ್ಡ ಹಿಡಿದು ತೋರಿಸಿದರು. ಬಾಯಿಂದ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ದಿನವೂ ಅಂಗಾಲಿಗೆ ಕನ್ನಡಿ ಹಿಡಿದು ನೋಡಬೇಕು, ಜೋಡು ಮೆಟ್ಟುವ ಮುಂಚೆ ಕೊಡವಬೇಕು, ಚಳಿಯೆಂದು ಕಾಲನ್ನು ಬಿಸಿನೀರಿಗಿಡಬಾರದು, ಇಷ್ಟನ್ನು ಅವರೇ ಹೇಳಿಕೊಟ್ಟರು. ಇವತ್ತಿಗೂ ತಪ್ಪಿಸಿಲ್ಲ. ಒಮ್ಮೆ ಜೋಡಿನೊಳಗಿಂದ ಹುಣಸೆಬೀಜ ಬಿತ್ತು. ಗೊತ್ತಿಲ್ಲದೆ ಮೆಟ್ಟಿದ್ದರೆ ಆ ಬೀಜಕ್ಕೇ ನನ್ನ ಕಾಲು ಹೋಗುತ್ತಿತ್ತು.

ಮನೆಗೆ ಬಂದರೆ ಇನ್ನೊಂದು ಕಾದಿತ್ತು. ಚುಚ್ಚಿದರೂ ತಿಳಿಯದ ಕಾಲು, ಉದುರಿಹೋದ ಬೆರಳು. ವಾಡೆಯ ಹೆಂಗಸರು ಲೆಕ್ಕ ಹಾಕಿಬಿಟ್ಟಿದ್ದರು. ನಲ್ಲಿಯ ಹತ್ತಿರ ಅಂಬಕ್ಕನೇ ಬಾಯಿಬಿಟ್ಟಳು. "ತಪ್ಪ ತಿಳಕೋಬ್ಯಾಡ್ರಿ ಕಮಲಕ್ಕಾ. ನಿಮಗ ಬಂದದ್ದು ಆ ದೊಡ್ಡ ರೋಗಂತ ಅನ್ಲಿಕ್ಕತ್ತಾರ. ಮಕ್ಕಳು ಮರಿ ಇರೂ ಮನಿ. ನಿಮ್ಮ ಬಿಂದಗಿ ಸ್ವಲ್ಪ ಆ ಕಡೆ ಇಟಗೊಳ್ರಿ."

ದೊಡ್ಡ ರೋಗ ಎಂದರೆ ಕುಷ್ಠ. ತನ್ನ ಎಂಜಲನ್ನು ನನ್ನ ಕಾಲಿಗೆ ಮೆತ್ತಿದ ಬಾಯಿಯಿಂದಲೇ ಈ ಮಾತು. ನನ್ನದು ಅದಲ್ಲವೆಂದು ಡಾಕ್ಟರು ನಮ್ಮವರಿಗೆ ಸ್ಪಷ್ಟವಾಗಿ ಹೇಳಿದ್ದರು. ವಾಡೆಯಲ್ಲಿ ನಿಂತು ಅಷ್ಟು ಹೇಳಿರಿ ಎಂದು ಬೇಡಿಕೊಂಡೆ.

"ಅವರ ಜೋಡಿ ಏನ್ ವಾದಾ ಮಾಡ್ಕೋತ ಕೂಡೂದು? ತಾವ ಸುಮ್ಮನಾಗ್ತಾರ ಬಿಡು," ಎಂದರು ನಮ್ಮವರು.

ಯುದ್ಧದ ಕಾಲ, ಸಕ್ಕರೆ ರೇಶನ್ನಿನಲ್ಲಿ ಬರುತ್ತಿತ್ತು. ನನ್ನ ಪಾಲಿನ ಸಕ್ಕರೆ ಉಳಿಯುತ್ತದೆಂದು ಇದೇ ಹೆಂಗಸರಿಗೆ ಗೊತ್ತಿತ್ತು. ನನ್ನ ಬಿಂದಿಗೆ ಮುಟ್ಟಿದರೆ ರೋಗ, ನನ್ನ ಸಕ್ಕರೆ ತಿಂದರೆ ಏನೂ ಇಲ್ಲ! ಬಟ್ಟಲು ಕಳಿಸಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ, ಸ್ವತಃ ಒಳಗೆ ಬಂದು, ನನ್ನ ಚಾಪೆಯ ಮೇಲೆ ಕೂತು ಇಸಿದುಕೊಂಡು ಹೋಗಿರಿ ಎಂದು. ಒಬ್ಬಳೂ ಬರಲಿಲ್ಲ. ಡಬ್ಬಿ ತುಂಬಿ ಗಂಟುಕಟ್ಟಿತು, ನನಗೆ ಅದರಷ್ಟು ಸಮಾಧಾನ ಬೇರೆ ಯಾವುದೂ ಕೊಡಲಿಲ್ಲ.

ಅಗಲ ಮೂತಿಯ, ಮೆತ್ತನೆಯ ಅಟ್ಟೆಯ ಚಪ್ಪಲಿ ಹೊಲಿಸಿಕೊಂಡು ಬಂದೆವು. ಚರ್ಮದ್ದು. ಹೊರಗಿನ ಕೋಣೆಯವರೆಗೆ ಹೇಗೋ ಅದಕ್ಕೆ ಅಪ್ಪಣೆ ಸಿಕ್ಕಿತು, ಅಡಿಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ.

"ಚಪ್ಪಲಿ ಮೆಟ್ಟಿಕೊಂಡು ಅಡಿಗಿ ಮನಿಗೆ ಬರ್ತೀ? ನಾ ಸತ್ತ ಮ್ಯಾಲೆ ಬಾ," ಎಂದರು ಅತ್ತೆ.

"ಡಾಕ್ಟರ ಏನಂದಾರ ಕೇಳೀರಲ್ಲ. ಇನ್ನೊಂದ ಗಾಯಾದ್ರ ಕಾಲ ಹೋಗ್ತದ್ರಿ."

"ನೋಡಿಕೊಂಡು ನಡಿ. ಎಲ್ಲಾರೂ ಬರಿಗಾಲಲೇ ನಡೀತಾರ. ಕಾಲು ಸತ್ತೇದ ಅಂತೀ. ಸತ್ತ ಕಾಲಾದ್ರ ನಡೀತದ ಹ್ಯಾಂಗ?"

ನಾನು ಹೊರಗಿನ ಕೋಣೆಯವಳಾದೆ. ಚಪ್ಪಲಿ ಮೆಟ್ಟಿ ಬಾಗಿಲ ಪಕ್ಕ ಕೂಡುವುದು, ದೂರದಿಂದ ಸರಿಸಿದ ತಾಟಿನಲ್ಲಿ ಉಣ್ಣುವುದು. ಆ ವಯಸ್ಸಿನಲ್ಲಿ ಅತ್ತೆ ಒಬ್ಬರೇ ಹೊಗೆಯಲ್ಲಿ ಕೆಮ್ಮುತ್ತ ಬೇಯಿಸುವುದು. ಇಪ್ಪತ್ತು ವರ್ಷ ನಾನು ಆಳಿದ ಅಡಿಗೆಮನೆ. ತಡೆಯಲಾರದೆ ಒಂದು ದಿನ ಬರಿಗಾಲಲ್ಲೇ ಒಳಗೆ ಹೋಗಿ ಪಲ್ಯ ಮಾಡಿ ಬಂದೆ. ಕನ್ನಡಿ ಹಿಡಿದು ನೋಡಿದರೆ ಅಂಗಾಲಿನಲ್ಲಿ ಒಡೆದ ಬಳೆಯ ಚೂರು, ರಕ್ತ ಆಗಲೇ ಹೆಪ್ಪುಗಟ್ಟಿತ್ತು. ಆ ಗಾಯ ಮಾಯುವವರೆಗೆ ದಿನಕ್ಕೆ ನಾಲ್ಕು ಸಲ ಕನ್ನಡಿ ಹಿಡಿದು ಕಾಲಿನ ಬಣ್ಣ ನೋಡಿದೆ. ನೀಲಿಯಾಗಲಿಲ್ಲ. ಆದರೆ ಹೆದರಿಕೆ ಹೋಗಿ ನನಗೆ ಸಿಟ್ಟು ಬಂತು. ಈ ಮನೆಗಾಗಿ ನಾನು ಕಾಲು ಕೊಡುವುದಿಲ್ಲ ಎಂದುಕೊಂಡೆ.

ಉಪಾಯ ಹೊಳೆದದ್ದು ಮಡಿಬಟ್ಟೆಯ ಕೋಲು ನೋಡುತ್ತ ಕೂತಾಗ. ಹತ್ತಿಬಟ್ಟೆ ಮುಟ್ಟಿದರೆ ಮೈಲಿಗೆ. ಉಣ್ಣೆಗೆ ಮೈಲಿಗೆಯಿಲ್ಲ. ಅದಕ್ಕೇ ಅಲ್ಲವೇ ಗಂಡಸರು ಪೂಜೆಗೆ ಉಣ್ಣೆಯ ಧಾಬಳಿ ಉಡುವುದು? ಧಾಬಳಿಯನ್ನು ಪದರು ಪದರಾಗಿ ಹೊಲಿದು ಜೋಡು ಮಾಡಿಕೊಂಡರೆ ಕೆಂಡಕ್ಕೂ ಗಾಜಿಗೂ ತಡೆ, ಮಡಿಗೂ ಸರಿ. ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ ಬಂದಾಗ ಹೇಳಿದೆ.

"ಧಾಬಳಿ? ಕಾಲಾಗ?" ಅತ್ತೆಯ ದನಿ ಅಂಬಕ್ಕನ ಮನೆಗೂ ಕೇಳಿರಬೇಕು. "ದೇವರ ಮುಂದ ಉಡೂದನ್ನ ಕಾಲಿಗೆ ಮೆಟ್ತೀನಂತೀ? ಇಷ್ಟು ಸೊಕ್ಕು ಎಲ್ಲಿಂದ ಬಂತು ನಿಂಗ?"

ನನಗೆ ಎಲ್ಲದರ ಮೇಲೂ ಹೇಸಿಗೆ ಹುಟ್ಟಿತು. ಮಡಿಯ ಮೇಲೆ, ಕರವಸ್ತ್ರದ ಮೇಲೆ, ಬಿಂದಿಗೆಯ ಮೇಲೆ, ನನ್ನ ಮೇಲೆ. ಅಡಿಗೆಮನೆಯ ಹೊಸ್ತಿಲ ಹೊರಗೆ ಕೂತು, ಮಣೆ ಎಳೆದು, ಸೀರೆ ಸರಿಸಿ, ಬರಿಗಾಲನ್ನು ಅದರ ಮೇಲೆ ನೀಡಿದೆ.

"ಇಷ್ಟ ದಿನಾ ಒಬ್ಬರೂ ನೋಡಿಲ್ಲ. ಎಲ್ಲಾರೂ ಮೂಗ ಮುಚ್ಚಿಕೊಂಡ್ರಿ. ಈಗ ನೋಡ್ರಿ! ನಾಟಕಾ ಮಾಡ್ಲಿಕ್ಕತ್ತೀನಿ ಅಂತೀರಲ್ಲ, ನೀವ ಚುಚ್ಚಿ ನೋಡ್ರಿ!"

ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಹತ್ತಿರ ಬಂದು ಬಗ್ಗಿ ನೋಡಿದರು. ಆಮೇಲೆ, "ಆ ಕಡೆ ಮಾರಿ ಮಾಡು," ಎಂದರು.

ಗೋಡೆಗೆ ಮುಖ ಮಾಡಿದೆ. ಬಟ್ಟೆ ಇಳಿಸುವ ಮಡಿಕೋಲನ್ನು ಅವರು ಎತ್ತಿಕೊಂಡ ಸಪ್ಪಳ ಕೇಳಿಸಿತು. ಮುಟ್ಟದೆ ಕೋಲಿನಿಂದ ತಿವಿದು ನೋಡುವ ವಿಚಾರ ಎಂದು ನಗುವೂ ಬಂತು, ಅಳುವೂ ಬಂತು. ಕಾದೆ. ಏನೂ ಆಗಲಿಲ್ಲ. ಅಂಬಕ್ಕನ ಮನೆಯಲ್ಲಿ ಯಾರೋ ಖಾರ ಕುಟ್ಟುತ್ತಿದ್ದರು. ಇನ್ನೂ ಕಾದೆ.

"ಮುಟ್ಟೂದಿದ್ರ ಮುಟ್ರಿ ಅತ್ತೀ. ಇಲ್ಲಾಂದ್ರ ಏಳ್ತೀನಿ. ಸಾಕಾಗೇದ ನಂಗ."

ತಿರುಗಿದೆ. ಕೋಲು ನೆಲದ ಮೇಲೆ ಬಿದ್ದಿತ್ತು. ಅತ್ತೆ ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ನನ್ನ ಅಂಗಾಲನ್ನು ಎರಡೂ ಕೈಯಿಂದ ಅಮುಕಿ ಹಿಡಿದಿದ್ದರು. ಅವರ ಕೈಯ ಹೆಬ್ಬೆರಳು ನನ್ನ ಬೆರಳಿಲ್ಲದ ಜಾಗದ ಮೇಲಿತ್ತು. ಎಷ್ಟು ಬಲವಾಗಿ ಅಮುಕಿದ್ದರೆಂದರೆ ಅವರ ಉಗುರು ಬೆಳ್ಳಗಾಗಿದ್ದವು.

"ಆಗಿಂದ ಹಿಡಕೊಂಡ ಕೂತೀನಲ್ಲ ಕಮಲಾ," ಎಂದರು. "ಖರೇನ ಗೊತ್ತಾಗಲಿಲ್ಲೇನು?"

"ಇಲ್ರಿ."

"ಕೆಂಡಾನೂ ಹಿಂಗ..."

ಮೊಣಕಾಲ ಮೇಲೆ ಕೈಯೂರಿ ಎದ್ದು ಒಳಕೋಣೆಗೆ ಹೋದರು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ಹೊರಗೆ ಬಂದಾಗ ಕೈಯಲ್ಲಿ ಮಾವನವರ ಧಾಬಳಿ ಇತ್ತು, ಅವರು ಪೂಜೆಗೆ ಉಡುತ್ತಿದ್ದದ್ದು. ಅದನ್ನು ನನ್ನ ಮಡಿಲಿಗೆ ಹಾಕಿ, ಮೇಲೆ ಕತ್ತರಿ ಇಟ್ಟರು. "ದಪ್ಪ ಹೊಲಿ. ಪದರು ಕಡಿಮಿ ಮಾಡಬ್ಯಾಡ," ಎಂದು ಹೇಳಿ ಅಡಿಗೆಮನೆಗೆ ಹೋದರು.

ಕಚೇರಿಯ ಹೊತ್ತಿಗೆ ನಮ್ಮವರು ಊಟಕ್ಕೆ ಕೂತರು. ನನ್ನ ಮಡಿಲಲ್ಲಿ ಕತ್ತರಿಸಿದ ಧಾಬಳಿ ನೋಡಿ ಅವರ ಮುಖ ಬಿಳಿಚಿತು. "ಅವ್ವಾ, ಇದು ಅಪ್ಪಂದಲ್ಲ?"

"ಹೌದು. ಈ ಕೈಲೆ ಆಕಿ ಕಾಲ ಹಿಡದೀನಿ," ಎಂದರು ಅತ್ತೆ, ಅವರ ತಾಟಿಗೆ ಅನ್ನ ಬಡಿಸುತ್ತ. "ಮತ್ತ ಸ್ನಾನ ಮಾಡಿಲ್ಲ. ಇದ ಕೈಲೆ ಅಡಿಗಿ ಮಾಡೀನಿ. ಉಣ್ಣೂದಿದ್ರ ಉಣ್ಣು, ಇಲ್ಲಂದ್ರ ಹಸದುಕೊಂಡು ಕಚೇರಿಗೆ ನಡಿ."

ನಮ್ಮವರು ನನ್ನ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು. ಕೈ ಒಮ್ಮೆ ಕರವಸ್ತ್ರವಿದ್ದ ಜೇಬಿನ ಕಡೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಅನ್ನ ಕಲಸಿದರು.